ನಲವತ್ತು ಹೆಜ್ಜೆ

ಈ ಕಾಗದಗಳನ್ನು ಊರಿಗೆ ಮೊದಲು ಓದಿ ಹೇಳಿದವನು ಕಂಬ. ಹೋದ ಡಿಸೆಂಬರಿನ ಮೊದಲ ಭಾನುವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಗಿರಣಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ನಿಂತು ಓದಿದ. ಕಂಬ ಅವನ ನಿಜವಾದ ಹೆಸರಲ್ಲ, ಅವನ ಎತ್ತರಕ್ಕೆ ಊರು ಕೊಟ್ಟದ್ದು. ಬಾಗಿಲು ಕಂಡಲ್ಲೆಲ್ಲ ಬಗ್ಗಿ ಬಗ್ಗಿ, ಬಯಲಿನಲ್ಲಿ ನಿಂತಾಗಲೂ ಅವನು ಸ್ವಲ್ಪ ಬಗ್ಗಿಯೇ ಇರುತ್ತಾನೆ.

ನಾನು ಅಂಚೆ ಕಚೇರಿಯವನು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನ ಅಕ್ಕ ಊರು ಬಿಡುವಾಗ, ಯಾರಾದರೂ ಕಾಗದ ಬರೆದರೆ ಇಲ್ಲಿಗೆ ಕಳಿಸಿ ಎಂದು ಒಂದು ವಿಳಾಸ ಬರೆಸಿ ಹೋಗಿದ್ದಳು. ಇಷ್ಟು ವರ್ಷ ಯಾರೂ ಕೇಳಲಿಲ್ಲ. ಹೋದ ವರ್ಷ ಜೂನ್‌ನಲ್ಲಿ ಕಂಬ ಬಂದು, ಕಿಟಕಿಯ ಹತ್ತಿರ ತಲೆ ತಗ್ಗಿಸಿ, "ಆ ವಿಳಾಸ ಇದೆಯಾ?" ಎಂದ. ಯಾವ ವಿಳಾಸ ಎಂದು ನಾನು ಕೇಳಲಿಲ್ಲ.

ಅವನಿಗೆ ಬರೆದು ರೂಢಿಯಿಲ್ಲ. ಮೊದಲು ನೋಟುಪುಸ್ತಕದಲ್ಲಿ ಬರೆದು, ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದ. ಹಾಗಾಗಿ ಅವನ ಕಾಗದಗಳೂ ಉಳಿದವು, ಅಕ್ಕನವೂ ಉಳಿದವು.

*

ಜೂನ್ 9

ಅಕ್ಕನಿಗೆ,

ನಾವೆಲ್ಲ ಕ್ಷೇಮ. ಟ್ರ್ಯಾಕ್ಟರ್ ಹಳೆಯದಾಗಿದೆ, ನಾನೂ ಹಾಗೆಯೇ. ನಿನ್ನ ನಾದಿನಿಗೆ ಕಣ್ಣಿನ ಆಪರೇಷನ್ ಆಯಿತು. ಈಗ ನನ್ನ ಅಂಗಿಯ ಕೊಳೆ ಎಲ್ಲ ಕಾಣುತ್ತದೆ ಅಂತ ಬೈಯುತ್ತಾಳೆ.

ಬರೆಯಲು ಕಾರಣ ಬೇರೆ. ಹೋದ ಹಿಂಗಾರಿಗೆ ಮಳೆ ಕೈಕೊಟ್ಟು ಗೋಧಿ ಬೇಗ ಹಳದಿಗೆ ತಿರುಗಿತು. ಆದರೆ ಹೊಲದ ನಡುವೆ ಒಂದು ಗೆರೆ ಮಾತ್ರ ಹಸಿರಾಗಿಯೇ ನಿಂತಿತು. ಒಂದು ಮಾರು ಅಗಲ, ಈ ತುದಿಯಿಂದ ಆ ತುದಿಗೆ. ಯಾರೋ ಆಕಾಶದಿಂದ ಫೋಟೋ ತೆಗೆದರಂತೆ, ಅದರಲ್ಲಿ ಇನ್ನೂ ಚೆನ್ನಾಗಿ ಕಂಡಿತಂತೆ. ಹಳೆಯ ಕಾಲದ್ದನ್ನು ಅಗೆದು ನೋಡುವ ಮೇಡಂ ಒಬ್ಬರು ಬಂದರು. "ಇಲ್ಲಿ ಕೆಳಗೆ ಯಾವತ್ತೋ ಮುಚ್ಚಿಹೋದ ತೋಡು ಇದೆ. ಅಲ್ಲಿ ಮಣ್ಣು ಆಳ, ತೇವ ಉಳಿಯುತ್ತೆ, ಅದಕ್ಕೇ ಪೈರು ಹಸಿರು" ಅಂದರು. ಹಳೆಯ ಹೊಲದ ಗಡಿ ಇರಬೇಕಂತೆ. ಕೊಯ್ಲು ಮುಗಿದ ಮೇಲೆ ಅಗೆಯಬಹುದಾ ಎಂದು ಕೇಳಿದರು. ಆಗಲಿ ಅಂದೆ. ಈಗ ಅಗೆಯಲು ಬರುತ್ತಿದ್ದಾರೆ.

ಆ ಗೆರೆ ಇರುವುದು ಬಾವಿಯ ಆಚೆ. ನಿನಗೆ ಗೊತ್ತಿರುವ ಜಾಗ.

ಭಾವ ಹೇಗಿದ್ದಾರೆ? ಮರದ ಕೆಲಸ ಇನ್ನೂ ಮಾಡುತ್ತಾರಾ?

ಇಂತಿ,
ನಿನ್ನ ತಮ್ಮ

*

ಜುಲೈ 2

ಹೊಲದ ಯಜಮಾನರಿಗೆ,

ನಿಮ್ಮ ಕಾಗದ ತಲುಪಿತು. ನೀವು ಕೇಳಿದವರು ತೀರಿಕೊಂಡು ಈ ಜನವರಿಗೆ ನಾಲ್ಕು ವರ್ಷವಾಯಿತು. ಮರದ ಪುಡಿ ಎದೆಗೆ ಇಳಿದಿತ್ತು. ಕೊನೆಯ ತಿಂಗಳವರೆಗೂ ಕೆಲಸ ಮಾಡಿದರು.

ಹೊಲದಲ್ಲಿ ಯಾರು ಏನು ಅಗೆದರೂ ನನ್ನ ಅಡ್ಡಿಯಿಲ್ಲ.

ಇಂತಿ,
ಬಡಗಿಯ ಹೆಂಡತಿ

*

ಜುಲೈ 20

ಅಕ್ಕಾ,

ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಬಂದ ದಿನ ಟ್ರ್ಯಾಕ್ಟರ್ ಹತ್ತಿ ಕೂತವನು ಕೀಲಿ ತಿರುಗಿಸುವುದನ್ನೇ ಮರೆತೆ. ಪಕ್ಕದ ಹೊಲದವನು ಬಂದು, "ಏನೋ ಕಂಬ, ಎಣ್ಣೆ ಮುಗೀತಾ?" ಅಂದ. ಹೂಂ ಅಂದೆ. ಪುಣ್ಯಾತ್ಮ ಹೋಗಿ ಒಂದು ಡಬ್ಬಿ ಎಣ್ಣೆ ತಂದುಕೊಟ್ಟ.

ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ಹೊಲದ ವಿಷಯವನ್ನೇ ಬರೆಯುತ್ತೇನೆ. ಬೇಡವಾದರೆ ಓದಬೇಡ.

ಅಗೆಯುವವರು ಆರು ಜನ. ದಾರ ಕಟ್ಟಿ, ಗೆರೆ ಹಾಕಿ, ಕೇಕಿನ ಥರ ಮಣ್ಣನ್ನು ಪದರ ಪದರವಾಗಿ ತೆಗೆಯುತ್ತಾರೆ. ಗುದ್ದಲಿ ಕಂಡರೆ ಮೇಡಂಗೆ ಎದೆ ಧಸಕ್ಕೆನ್ನುತ್ತದೆ. ಚಿಕ್ಕ ಕರಣೆ, ಕುಂಚ, ಅಷ್ಟೇ. ಊರಿನವರು ದಿನಾ ಬಂದು ನಿಲ್ಲುತ್ತಾರೆ.

"ಚಿನ್ನ ಸಿಕ್ತಾ ಕಂಬ?"

"ಇಲ್ಲ, ಬದು ಸಿಕ್ತು."

"ಬದು ಹುಡುಕೋಕೆ ಆರು ಜನ, ಒಂದು ಛತ್ರಿ, ಎರಡು ಕ್ಯಾಮೆರಾ! ನಮ್ಮನ್ನ ಕೇಳಿದ್ರೆ ಕೈ ತೋರಿಸಿ ಹೇಳ್ತಿರಲಿಲ್ವಾ?"

ಎದೆಯಾಳದ ತೋಡು ಸಿಕ್ಕಿದೆ. ಅದರ ಒಂದು ಮಗ್ಗುಲಿಗೆ ಮುಷ್ಟಿಗಾತ್ರದ ಕಲ್ಲುಗಳ ಸಾಲು. ಒಳಗೆ ಒಡೆದ ಮಡಕೆ ಚೂರುಗಳು, ಒಂದು ದನದ ದವಡೆ. ಏಳುನೂರು ವರ್ಷವಾದರೂ ಆಗಿರಬೇಕು ಅನ್ನುತ್ತಾರೆ ಮೇಡಂ. ತೋಡು ಹೂಳಿದ ಮೇಲೂ ಜನ ಅದೇ ಗೆರೆಯ ಮೇಲೆ ಬದು ಹಾಕಿದ್ದಾರೆ, ಬದು ಸವೆದ ಮೇಲೆ ಅದೇ ಗೆರೆಯ ಮೇಲೆ ಕಲ್ಲು ನೆಟ್ಟಿದ್ದಾರೆ. ಯಾರು ಯಾರಿಗೆ ಹೇಳಿಕೊಟ್ಟರೋ. ಗೆರೆ ಮಾತ್ರ ಒಂದು ಗೇಣೂ ಕದಲಿಲ್ಲ.

ಮೇಲಿನ ಪದರದಲ್ಲಿ ಒಂದು ಗುಣಿ ಸಿಕ್ಕಿದೆ. ಚೌಕ, ಮೊಳದಗಲ. ಅಪ್ಪನ ಕಲ್ಲು ನಿಂತಿದ್ದ ಗುಣಿ. ಸುತ್ತ ಬಿಗಿ ಹಾಕಿದ್ದ ಚಿಕ್ಕ ಕಲ್ಲುಗಳು ಹಾಗೆಯೇ ಇವೆ. ಅದು ಸರಿಯಾಗಿ ಆ ಹಳೆಯ ಗೆರೆಯ ಮೇಲೆಯೇ ಇದೆ.

ನಾನು ಹೇಳಿದ ಜಾಗದಲ್ಲಿಲ್ಲ.

ನಿನ್ನ ತಮ್ಮ

*

ಆಗಸ್ಟ್ 28

ಅಕ್ಕಾ,

ನೀನು ಬರೆಯಲಿಲ್ಲ. ಬರೆಯಬೇಕು ಅಂತೇನೂ ಇಲ್ಲ.

ನಿನ್ನೆ ಮೇಡಂ ಚಹಾ ಕುಡಿಯುತ್ತಾ ಸುಮ್ಮನೆ ಕೇಳಿದರು: "ನಿಮ್ಮೂರಲ್ಲಿ ಗಡಿ ಹೇಗೆ ಗೊತ್ತು ಮಾಡ್ತಿದ್ರಿ?" ನಾನು ಹೇಳಿದೆ. ಕಾಗದಪತ್ರ ಯಾರ ಹತ್ತಿರವೂ ಇರಲಿಲ್ಲ, ಎಲ್ಲರ ಗಡಿಯೂ ಹೆಜ್ಜೆಯ ಲೆಕ್ಕ, ಅಪ್ಪನಿಂದ ಮಗನಿಗೆ ಬಾಯಲ್ಲಿ ಬಂದದ್ದು. ಬಾವಿಕಟ್ಟೆಯಿಂದ ಕಲ್ಲಿಗೆ ನಲವತ್ತು ಹೆಜ್ಜೆ, ಈಚೆಯದು ನಿನಗೆ, ಆಚೆಯದು ಅಕ್ಕನಿಗೆ ಅಂತ ಅಪ್ಪ ಹೇಳಿ ಕಣ್ಣು ಮುಚ್ಚಿದ. ವರ್ಷವಾದ ಮೇಲೆ ನಾನು ಅಳೆದೆ. ಮೂವತ್ತಾರಕ್ಕೇ ಕಲ್ಲು ಬಂತು. ಭಾವ ಬೇರೆ ಊರಿಂದ ಬಂದವರು. ಕಲ್ಲನ್ನು ನನ್ನ ಕಡೆಗೆ ನಾಲ್ಕು ಹೆಜ್ಜೆ ಸರಿಸಿದ್ದಾರೆ ಅಂದೆ. ಗಿರಣಿಯ ಯಜಮಾನರು ಹಿರಿಯರನ್ನು ಕೂಡಿಸಿ, ಎಲ್ಲರ ಮುಂದೆ ನನ್ನ ಕೈಲೇ ಇನ್ನೊಮ್ಮೆ ಅಳೆಸಿದರು. ಮತ್ತೆ ಮೂವತ್ತಾರು. ಕಲ್ಲು ಕಿತ್ತು ನಾಲ್ಕು ಹೆಜ್ಜೆ ಆಚೆ ನೆಡಬೇಕು ಅಂತ ಗಿರಣಿಯ ಮುಂದೆ ತೀರ್ಮಾನವಾಯಿತು.

ಮೇಡಂ ಲೋಟ ಕೆಳಗಿಟ್ಟು, "ನಲವತ್ತು ಹೆಜ್ಜೆ. ಯಾರ ಹೆಜ್ಜೆ?" ಅಂದರು.

ನನಗೆ ಅರ್ಥವಾಗಲಿಲ್ಲ. "ಹೆಜ್ಜೆ ಅಂದ್ರೆ ಹೆಜ್ಜೆ ಮೇಡಂ."

"ನಿಮ್ಮ ತಂದೆ ನಿಮ್ಮಷ್ಟೇ ಎತ್ತರ ಇದ್ರಾ?"

ಅಕ್ಕಾ, ಅಪ್ಪ ನನ್ನ ಎದೆಗೆ ಬರುತ್ತಿದ್ದ. ಗೂಟಕ್ಕೆ ನೇತುಹಾಕಿದ ಚೀಲ ತೆಗೆಯಲು ನನ್ನನ್ನೇ ಕೂಗುತ್ತಿದ್ದ. ಅದು ನನಗೆ ಗೊತ್ತು, ಊರಿಗೆಲ್ಲ ಗೊತ್ತು. ಆ ದಿನ ಅಷ್ಟು ಜನ ನಿಂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಮಗ ಅಳೆದರೆ ಅಪ್ಪ ಅಳೆದ ಹಾಗೆ ಅಂತ ನಮ್ಮೂರಿನ ಲೆಕ್ಕ.

ಮೇಡಂ ನನ್ನ ಲೋಟವನ್ನೂ ತಾವೇ ತೊಳೆದರು.

ನಿನ್ನ ತಮ್ಮ

*

ಸೆಪ್ಟೆಂಬರ್ 15

ತಮ್ಮಾ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆ ಮೇಡಂ ಕೇಳಿದ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಎಲ್ಲಿಂದಲೋ ಬಂದ ಹೆಂಗಸು, ಚಹಾ ಕುಡಿಯುತ್ತಾ ಕೇಳಿದಳಲ್ಲ.

ಆ ದಿನ ಗಿರಣಿಯ ಮುಂದೆ ನಾನು ಎದ್ದು ನಿಂತದ್ದು ನಿನಗೆ ನೆನಪಿರಬೇಕು. "ನಾನು ನಡೆದು ತೋರಿಸ್ತೀನಿ. ಅಪ್ಪನ ಎತ್ತರ ನಂದು" ಎಂದೆ. ಗಿರಣಿಯವರು, "ಹೆಂಗಸಿನ ಹೆಜ್ಜೇಲಿ ಹೊಲ ಅಳೆದರೆ ಊರಿಗೆಲ್ಲ ಎರಡು ಪಟ್ಟು ಭೂಮಿ ಆಗುತ್ತೆ ಬಿಡಮ್ಮ" ಎಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ.

ಅವರ ನಗು ನಾನು ಯಾವತ್ತೋ ಮರೆತೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅಮ್ಮ ಹೋದಾಗ ನಿನಗೆ ಎರಡು ವರ್ಷ. ನನ್ನ ಸೊಂಟ ಒಂದು ಕಡೆಗೆ ವಾಲಿರುವುದು ಇವತ್ತಿಗೂ ಕನ್ನಡಿಯಲ್ಲಿ ಕಾಣುತ್ತದೆ.

ಜನ ಹೋದ ಮೇಲೆ ನಾನೊಬ್ಬಳೇ ಹೊಲಕ್ಕೆ ಹೋದೆ. ಬಾವಿಕಟ್ಟೆಗೆ ಹಿಮ್ಮಡಿ ತಾಗಿಸಿ ನಡೆದೆ. ಕಲ್ಲನ್ನು ಆಗಲೇ ಕಿತ್ತಿದ್ದರು, ಗುಣಿ ಬಾಯಿ ಬಿಟ್ಟಿತ್ತು. ನಲವತ್ತನೇ ಹೆಜ್ಜೆಗೆ ನನ್ನ ಹೆಬ್ಬೆರಳು ಗುಣಿಯ ಅಂಚಿಗೆ ತಾಗಿತು. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ತಲೆ ಎತ್ತಿ ನಕ್ಕರು. "ನೀನು ನನ್ನ ಹೆಂಡತಿ ಕಣೇ. ನಿನ್ನ ಹೆಜ್ಜೆ ನನ್ನ ಕಡೆಗೇ ಬೀಳುತ್ತೆ" ಎಂದರು.

ಆಮೇಲೆ ಊರಿನಲ್ಲಿ ಯಾರೂ ಇವರನ್ನು ಒಂದು ಕಿಟಕಿ ಮಾಡಲೂ ಕರೆಯಲಿಲ್ಲ. ಬೀದಿಯಲ್ಲಿ ಹೋದರೆ ಬೆನ್ನ ಹಿಂದೆ "ಕಲ್ಲುಗಳ್ಳ" ಎನ್ನುತ್ತಿದ್ದರು. ಒಂದು ತಿಂಗಳಿಗೇ ಹೊರಟೆವು.

ಇಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆದರೆ ಇವರಿಗೆ ಗೊತ್ತಿತ್ತಲ್ಲ. ಬಾಡಿಗೆ ಮನೆಯ ಹಿತ್ತಲಿನಲ್ಲಿ ಎರಡು ಸಂಸಾರಕ್ಕೆ ಒಂದೇ ಬಟ್ಟೆ ಹಗ್ಗ. ಪಕ್ಕದವರ ಬಟ್ಟೆ ನಮ್ಮ ಕಡೆ ಒಂದು ಗೇಣು ಬಂದರೆ ಇವರು ನಮ್ಮದನ್ನು ಎರಡು ಗೇಣು ಸರಿಸುತ್ತಿದ್ದರು. ಕಾರ್ಖಾನೆಯಲ್ಲಿ ಕೆಲಸದ ಮೇಜಿನ ತುದಿಯಲ್ಲಿ ನಿಂತು, ಅರ್ಧ ಮೇಜು ಪಕ್ಕದವನಿಗೇ ಬಿಡುತ್ತಿದ್ದರಂತೆ. "ನಿನ್ನ ಗಂಡ ಯಾಕಮ್ಮ ಜಾಗಕ್ಕೆ ಅಷ್ಟು ಹೆದರ್ತಾನೆ?" ಎಂದು ಅಲ್ಲಿನ ಮೇಸ್ತ್ರಿ ನನ್ನನ್ನೇ ಕೇಳಿದ್ದ.

ಇದನ್ನು ಬರೆಯಬಾರದು ಅಂತಲೇ ಇಷ್ಟು ದಿನ ಕೂತಿದ್ದೆ. ಕೊನೆಯ ವರ್ಷ, ಕೆಮ್ಮು ಹೆಚ್ಚಾದ ಮೇಲೆ, ಒಂದು ದಿನ ಹಾಸಿಗೆಯಲ್ಲಿ ಕೂತು ಹೇಳಿದರು: "ಉಳುವಾಗ ನೇಗಿಲು ತಗುಲಿ ನಾನೇ ಎಳೆದುಬಿಟ್ಟೆನೇನೋ. ನನಗೆ ಗೊತ್ತಾಗದ ಹಾಗೆ." ಇಲ್ಲ ಅಂದೆ. "ಅಷ್ಟು ಜನ ಹೇಳಿದ್ರಲ್ಲ" ಎಂದರು. ಆಮೇಲೆ ದಿನಕ್ಕೊಂದು ಸಲ ಅದೇ ಮಾತು. ಕದಿಯದೇ ಇದ್ದವರು, ಕದ್ದೆನೇನೋ ಅಂತ ಅನುಮಾನದಲ್ಲೇ ಹೋದರು.

ಆ ಗುಣಿಯಲ್ಲಿ ಬಿಗಿ ಕಲ್ಲುಗಳು ಹಾಗೆಯೇ ಇವೆ ಎಂದು ಬರೆದಿದ್ದೀಯ. ನೇಗಿಲು ತಗುಲಿದ್ದರೆ ಅವು ಹಾಗೆ ಇರುತ್ತಿರಲಿಲ್ಲ ಅಲ್ಲವೇ? ಮೇಡಂ ಹತ್ತಿರ ಕೇಳಿ ಬರಿ.

ಅಕ್ಕ

*

ಅಕ್ಟೋಬರ್ 1

ಅಕ್ಕಾ,

ಕೇಳಿದೆ. ನೇಗಿಲು ತಗುಲಿಲ್ಲ. ಆ ಕಲ್ಲನ್ನು ಒಂದೇ ಸಲ ಕಿತ್ತಿದ್ದಾರೆ, ಸನಿಕೆಯಿಂದ, ಬಾವಿಯ ಕಡೆಯಿಂದ. ಸನಿಕೆಯ ಗುರುತು ಗುಣಿಯ ಗೋಡೆಯಲ್ಲಿ ಹಲ್ಲು ಊರಿದ ಹಾಗೆ ಉಳಿದಿದೆ. ಅದು ನನ್ನ ಸನಿಕೆ. ತೀರ್ಮಾನವಾದ ದಿನ ನಾನೇ ಕಿತ್ತದ್ದು. ಅದಕ್ಕೆ ಮುಂಚೆ ಆ ಕಲ್ಲನ್ನು ಯಾರೂ ಮುಟ್ಟಿಲ್ಲ.

ನೋಟುಪುಸ್ತಕದಲ್ಲಿ ಮೊದಲು, ನಕ್ಕದ್ದು ನನಗೆ ನೆನಪಿಲ್ಲ ಅಂತ ಬರೆದೆ. ಆಮೇಲೆ ಹೊಡೆದುಹಾಕಿದೆ. ನೆನಪಿದೆ. ಎಲ್ಲರಿಗಿಂತ ಮುಂಚೆ ನಕ್ಕೆ.

ಒಂದು ಸಲ ಬಾ ಅಕ್ಕಾ. ಈ ತಿಂಗಳ ಇಪ್ಪತ್ತಕ್ಕೆ ಗುಂಡಿ ಮುಚ್ಚುತ್ತಾರೆ. ಹಾಗೆ ಮುಚ್ಚುವುದು ಅವರ ಪದ್ಧತಿ, ಬಿಟ್ಟರೆ ಮಳೆಗೆ ಕುಸಿಯುತ್ತದೆ. ಅಷ್ಟರಲ್ಲಿ ಬಂದು ನಿನ್ನ ಕಣ್ಣಿಂದ ನೋಡು. ಗುಂಡಿಯವರೆಗೂ ಗಾಡಿ ಬರುತ್ತದೆ, ನೀನು ನಡೆಯಬೇಕಾಗಿಲ್ಲ. ನಿನ್ನ ಪಾಲಿನ ಹೊಲವನ್ನೂ ನೋಡಿದ ಹಾಗಾಗುತ್ತದೆ. ಇಷ್ಟು ವರ್ಷ ನಾನೇ ಉತ್ತೆ. ನಿನ್ನದನ್ನು ನಿನಗೆ ಒಪ್ಪಿಸುತ್ತೇನೆ.

ನಿನ್ನ ನಾದಿನಿ, "ಅತ್ತಿಗೆ ಬಂದರೆ ನಾನು ಬಾಗಿಲಲ್ಲೇ ನಿಂತಿರ್ತೀನಿ" ಅಂತ ಹೇಳಲು ಹೇಳಿದಳು.

ನಿನ್ನ ತಮ್ಮ

*

ಅಕ್ಟೋಬರ್ 11

ತಮ್ಮಾ,

ನಾನು ಬರುವುದಿಲ್ಲ. ಮಂಡಿ ನೋವಿದೆ ಎಂದು ಬರೆಯಬಹುದಿತ್ತು. ನೋವು ಇರುವುದೂ ನಿಜ. ಅದಕ್ಕಲ್ಲ.

ಕಲ್ಲು ಎಲ್ಲಿತ್ತು ಎಂದು ನನಗೆ ಇಪ್ಪತ್ತನಾಲ್ಕು ವರ್ಷದಿಂದ ಗೊತ್ತು. ನೋಡಬೇಕಾಗಿದ್ದವರು ಇವರು. ಇವರು ಇದ್ದಿದ್ದರೆ ಹೊತ್ತುಕೊಂಡಾದರೂ ಬರುತ್ತಿದ್ದೆ. ಆ ಗುಣಿಯಲ್ಲಿ ಇವರ ಕೈ ಇಡಿಸಿ, "ಮುಟ್ಟಿ ನೋಡಿ" ಎನ್ನುತ್ತಿದ್ದೆ.

ಹೊಲ ನನಗೆ ಬೇಡ. ಅದಕ್ಕಾಗಿ ಬರೆಯುತ್ತಿಲ್ಲ.

ಈಗ ನಿನಗೂ ಗೊತ್ತಾಯಿತು, ನನಗೂ ಗೊತ್ತಿದೆ. ಅಕ್ಕ ತಮ್ಮ ಕಾಗದದಲ್ಲಿ ಅತ್ತುಕೊಂಡರೆ ಮುಗಿಯಿತಾ? ಇವರನ್ನು ಕಳ್ಳ ಎಂದದ್ದು ಗುಟ್ಟಾಗಿ ಅಲ್ಲ. ಬೆಳಕಿನಲ್ಲಿ, ಗಿರಣಿಯ ಮುಂದೆ, ಊರೆಲ್ಲ ಕೂತಿದ್ದಾಗ. ಅಲ್ಲಿಯೇ ನಿಂತು ಈ ಕಾಗದಗಳನ್ನು ಓದು. ನಿನ್ನವು, ನನ್ನವು, ಎಲ್ಲ. ನಿನಗೆ ಬೇಡವಾದ ಸಾಲನ್ನು ಬಿಟ್ಟು ಓದಬೇಡ. ನೀನು ನಕ್ಕದ್ದನ್ನೂ ಓದು. ಇವರು ಕೊನೆಗೆ ಏನು ಹೇಳುತ್ತಾ ಹೋದರು ಎಂಬುದನ್ನೂ ಓದು.

ಅದಾಗುವವರೆಗೂ ನನಗೆ ಬರೆಯಬೇಡ. ಆಗದಿದ್ದರೆ ಬರೆಯಲೇ ಬೇಡ.

ಅಕ್ಕ

*

ಅಕ್ಟೋಬರ್ 21

ಅಕ್ಕಾ,

ಬರೆಯಬೇಡ ಅಂದಿದ್ದೀಯ. ಇದನ್ನು ಅಂಚೆಗೆ ಹಾಕುವುದಿಲ್ಲ, ನೋಟುಪುಸ್ತಕದಲ್ಲೇ ಇರಲಿ.

ನಿನ್ನೆ ಮುಚ್ಚಿದರು. ತಳಕ್ಕೆ ಒಂದು ಬಟ್ಟೆ ಹಾಸಿ ಮರಳು ಹರಡಿ, ಆಮೇಲೆ ಮಣ್ಣು. ಯಾಕೆ ಅಂದೆ. ಮುಂದೆ ಯಾರಾದರೂ ಅಗೆದರೆ ಎಲ್ಲಿಯವರೆಗೆ ನೋಡಿಯಾಗಿದೆ ಎಂದು ತಿಳಿಯಲಿ ಅಂತ, ಅಂದರು ಮೇಡಂ. ಕೊನೆಗೆ ಟ್ರ್ಯಾಕ್ಟರ್‌ನಿಂದ ಮಟ್ಟ ಮಾಡಿದವನು ನಾನೇ. ಸಂಜೆಗೆ ಏನೂ ಇರಲಿಲ್ಲ, ಬರೀ ಹೊಲ.

ಇನ್ನು ತೋರಿಸಲು ಏನೂ ಇಲ್ಲ. ಓದುವುದೊಂದೇ ಬಾಕಿ. ಅದು ನನ್ನಿಂದ ಆಗುತ್ತಿಲ್ಲ ಅಕ್ಕಾ. ಆ ದಿನ ಕೂತಿದ್ದವರಲ್ಲಿ ಹನ್ನೊಂದು ಜನ ಬದುಕಿದ್ದಾರೆ. ಅವರ ಜೊತೆಯೇ ಕೂರುತ್ತೇನೆ, ಏಳುತ್ತೇನೆ. ನನ್ನ ಮಗಳ ಮದುವೆಗೆ ಚಪ್ಪರ ಹಾಕಿದವರು ಅವರು. ನನ್ನ ಮಾತು ನಂಬಿಯೇ ಅವರು ಹಾಗೆ ಅಂದದ್ದು. ಅವರ ಮುಂದೆ ನಿಂತು ನಾನು ಸುಳ್ಳಾಗಬೇಕು. ಎರಡು ಸಲ ಗಿರಣಿಯವರೆಗೆ ಹೋಗಿ, ಹಿಟ್ಟು ಬೀಸಿಸಿಕೊಂಡು ಬಂದೆ. ಮನೆಯಲ್ಲಿ ಎರಡು ತಿಂಗಳಿಗಾಗುವಷ್ಟು ಹಿಟ್ಟಿದೆ.

ತಮ್ಮ

*

ನವೆಂಬರ್ 29

ಅಕ್ಕಾ,

ಗೋಧಿ ಬಿತ್ತಲು ಹೋಗಿದ್ದೆ. ಆ ಜಾಗಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಭಾವ ಕಾರ್ಖಾನೆಯಲ್ಲಿ ಮೇಜಿನ ತುದಿಗೆ ನಿಲ್ಲುತ್ತಿದ್ದರು ಅಂತ ಬರೆದಿದ್ದೆಯಲ್ಲ. ಇಡೀ ಹೊಲ ನನಗೆ ಬಿಟ್ಟು ಹೋದ ಮನುಷ್ಯ ಅರ್ಧ ಮೇಜನ್ನೂ ತನ್ನದು ಅನ್ನಲಿಲ್ಲ.

ಇದನ್ನು ಅಂಚೆಗೆ ಹಾಕುತ್ತೇನೆ. ಭಾನುವಾರ ಓದುತ್ತೇನೆ.

ತಮ್ಮ

*

ಓದಿದ. ನಾನು ಅಲ್ಲಿಯೇ ಇದ್ದೆ.

ಮೊದಮೊದಲು ಜನ ತಮಾಷೆಗೆ ನಿಂತರು. "ಏನು ಕಂಬ, ಚುನಾವಣೆಗೆ ನಿಲ್ತೀಯಾ?" ಎಂದು ಯಾರೋ ಕೂಗಿದರು. ಹಸಿರು ಗೆರೆ, ದನದ ದವಡೆ ಎಲ್ಲ ಬಂದಾಗ ತಲೆದೂಗಿದರು. ಬಡಗಿ ತೀರಿಕೊಂಡದ್ದು ಊರಿಗೆ ಗೊತ್ತಾದದ್ದು ಆಗಲೇ. "ಅಯ್ಯೋ, ಯಾವಾಗ?" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಬಂತು. "ಯಾರ ಹೆಜ್ಜೆ?" ಎಂದು ಓದಿದಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗಿರಣಿಯವರಿಗೆ ಈಗ ಎಂಬತ್ತೆಂಟು. ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಅಂದು ಆಡಿದ್ದ ಮಾತು ಬಂದಾಗ ಕಂಬ ಓದುವುದನ್ನು ನಿಲ್ಲಿಸಿ ಅವರ ಕಡೆ ನೋಡಿದ. "ಓದಯ್ಯ. ನಾನು ಹೇಳಿದ್ದೇ ಅದು, ಓದು" ಎಂದರು. ಎಲ್ಲರೂ ನಕ್ಕರು ಎಂಬ ಸಾಲಿನಲ್ಲಿ ನಾನೂ ಇದ್ದೇನೆ. ಆಗ ಈ ಊರಿಗೆ ಹೊಸದಾಗಿ ಬಂದಿದ್ದೆ. ಊರಿನವರ ಜೊತೆ ಸೇರಿಕೊಳ್ಳಬೇಕು ಅಂತ ನಕ್ಕಿದ್ದೆ.

ಕದ್ದೆನೇನೋ ಎಂಬ ಅನುಮಾನದಲ್ಲೇ ಹೋದರು ಎಂಬ ಸಾಲಿಗೆ ಬಂದಾಗ ಕಂಬನ ದನಿ ಬಿದ್ದುಹೋಯಿತು. ಅವನೇ ನೀರು ಕುಡಿದು, ಆ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಗಟ್ಟಿಯಾಗಿ ಓದಿದ. ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಕಂಬ ಕಟ್ಟೆಯ ಮೇಲೆಯೇ ಕೂತಿದ್ದ.

ಮಾರನೆಯ ಬೆಳಿಗ್ಗೆ ನಾನು ಅಂಚೆ ಕಚೇರಿಯ ಬಾಗಿಲು ತೆಗೆಯುವಾಗ ಗಿರಣಿಯವರ ಸೊಸೆ ಬಂದು ನಿಂತಿದ್ದಳು. ಒಂದು ಲಕೋಟೆ ಬೇಕು ಎಂದಳು. ಆಮೇಲೆ ಪಕ್ಕದ ಹೊಲದವನು. ಆಮೇಲೆ ಕಮ್ಮಾರ, ಅವನ ಹಿಂದೆ ಹಾಲಿನವಳು. ಒಬ್ಬರು ಇದ್ದಾಗ ಇನ್ನೊಬ್ಬರು ಒಳಗೆ ಬರಲಿಲ್ಲ, ಮರದ ಕೆಳಗೆ ಏನೋ ಕೆಲಸವಿದ್ದ ಹಾಗೆ ಕಾದರು. ಬರೆಯಲು ಬಾರದವರು ನನ್ನ ಕೈಲಿ ಬರೆಸಿದರು. ಹೆಚ್ಚೇನಿಲ್ಲ, ಎರಡು ಸಾಲು, ಮೂರು ಸಾಲು. ಹತ್ತು ಗಂಟೆಗೆ ಲಕೋಟೆ ಮುಗಿದವು. ಆಮೇಲೆ ಬಂದವರು ಮಗ್ಗಿ ಪುಸ್ತಕದ ಹಾಳೆ ಮಡಿಸಿ ಅಂಟಿಸಿ ತಂದರು.

ನನ್ನದೂ ಸೇರಿ ಹದಿನಾಲ್ಕು ಕಾಗದ. ವಿಳಾಸ ಎಲ್ಲಕ್ಕೂ ಒಂದೇ. ಮುದ್ರೆ ಒತ್ತಲು ಕೂತಾಗ ಮೇಲಿನ ಹೆಸರು ನೋಡಿದೆ. ಐದು ಕಾಗದ ಅಕ್ಕನ ಹೆಸರಿಗಿದ್ದವು. ಉಳಿದ ಒಂಬತ್ತು ಬಡಗಿಯ ಹೆಸರಿಗೆ. ತೀರಿಕೊಂಡವರ ಹೆಸರಿಗೆ ಕಾಗದ ತೆಗೆದುಕೊಳ್ಳಬಾರದು ಎಂದು ನಮ್ಮ ನಿಯಮ. ಹದಿನಾಲ್ಕಕ್ಕೂ ಮುದ್ರೆ ಒತ್ತಿ ಹತ್ತೂವರೆಯ ಬಸ್ಸಿಗೆ ಚೀಲ ಹಾಕಿದೆ.